ವಿಯಾ ಅಪ್ಪಿಯಾ: ರಸ್ತೆ ಬಿಟ್ಟು ಹೊಲಕ್ಕಿಳಿದಾಗ

ಕೇಳುಗರೆಲ್ಲರಿಗೂ ನಮಸ್ಕಾರ.

ರೋಮ್‌ನಿಂದ ದಕ್ಷಿಣಕ್ಕೆ ಹೊರಡುವ ವಿಯಾ ಅಪ್ಪಿಯಾ ರಸ್ತೆಯ ಕೆಲಸವನ್ನು ಕ್ರಿಸ್ತಪೂರ್ವ 312ರಲ್ಲಿ ಅಪ್ಪಿಯಸ್ ಕ್ಲಾಡಿಯಸ್ ಎಂಬ ಅಧಿಕಾರಿ ಆರಂಭಿಸಿದ. ಮೊದಲು ಕಪುವಾ ಊರಿನವರೆಗಿದ್ದ ರಸ್ತೆ ಮುಂದೆ ಬ್ರಿಂಡಿಸಿ ಬಂದರನ್ನು ಮುಟ್ಟಿತು. 2024ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಚಿತ್ರಗಳಲ್ಲಿ ನಮಗೆ ಕಾಣುವುದು ಕಪ್ಪು ಲಾವಾ ಕಲ್ಲಿನ ಹಾಸು, ಇಕ್ಕೆಲದ ಗೋರಿಗಳು, ಪೈನ್ ಮರಗಳು. ಆದರೆ ಈ ರಸ್ತೆ ಜನರ ಬದುಕನ್ನು ಹೇಗೆ ಬದಲಿಸಿತು ಎಂದು ತಿಳಿಯಬೇಕಾದರೆ ಪಕ್ಕದ ಹೊಲಕ್ಕೆ ಇಳಿಯಲೇಬೇಕು.

ಈ ರಸ್ತೆಯ ಮೇಲಿನ ಕಡಲತಡಿಯ ಊರು ತೆರಚೀನಾಕ್ಕೆ ಮೊದಲು ಸಿಗುವ ಪೊಂಟೈನ್ ಬಯಲನ್ನೇ ನೋಡಿ. ಆಗ ಅದು ಜೌಗು ನೆಲ. ಅದರ ನಡುವೆ ದಾರ ಹಿಡಿದು ಎಳೆದಂತೆ ನೇರ ರಸ್ತೆ, ಪಕ್ಕದಲ್ಲಿ ಕಾಲುವೆ. ಫೋರಂ ಅಪ್ಪಿ ಎಂಬ ಪೇಟೆಯಲ್ಲಿ ದೋಣಿ ಹತ್ತಿದ ಕವಿ ಹೊರೇಸ್, ಸೊಳ್ಳೆ ಕಪ್ಪೆಗಳ ಕಾಟದಿಂದ ರಾತ್ರಿ ನಿದ್ದೆಗೆಟ್ಟದ್ದು ಇಲ್ಲಿಯೇ.

ಈ ಬಯಲಿನಲ್ಲಿ ನೆದರ್‌ಲೆಂಡ್ಸ್‌ನ ಗ್ರೋನಿಂಗನ್ ವಿಶ್ವವಿದ್ಯಾಲಯದ ಪುರಾತತ್ವ ಸಂಶೋಧಕರು ಹಲವು ದಶಕಗಳಿಂದ ಕೆಲಸ ಮಾಡುತ್ತಿದ್ದಾರೆ. ಅವರ ವಿಧಾನಕ್ಕೆ ಗುದ್ದಲಿಯೂ ಬೇಡ. ಉತ್ತ ಹೊಲದಲ್ಲಿ ಕೆಲವು ಮೀಟರ್ ಅಂತರ ಬಿಟ್ಟು ಸಾಲಾಗಿ ನಿಂತು, ತಲೆ ತಗ್ಗಿಸಿ ನಡೆಯುತ್ತಾರೆ. ಕಂಡ ಹೆಂಚಿನ ಚೂರು, ಮಡಕೆಯ ಬೋಕಿಯನ್ನೆಲ್ಲ ಆಯ್ದು, ಯಾವ ತಾಕಿನದು ಎಂದು ಬರೆದ ಚೀಲಕ್ಕೆ ಹಾಕುತ್ತಾರೆ. ಕಪ್ಪು ಮೆರುಗಿನ ಬಟ್ಟಲಿನ ಅಂಚು ಸಿಕ್ಕರೆ ಅದು ಚಕ್ರವರ್ತಿಗಳಿಗಿಂತ ಮುಂಚಿನ ರೋಮನ್ ಗಣರಾಜ್ಯದ ಕಾಲದ್ದು. ಹೆಂಚು, ಅಡುಗೆ ಮಡಕೆ, ಎಣ್ಣೆ ಹೂಜಿಯ ಹಿಡಿ ಒಂದೇ ಕಡೆ ಒತ್ತಾಗಿ ಸಿಕ್ಕರೆ ಅಲ್ಲೊಂದು ರೈತನ ಮನೆಯಿತ್ತು ಎನ್ನಬಹುದು. ಅರಸರ ಶಾಸನಗಳಲ್ಲಿ ಹೆಸರಿಲ್ಲದ ಈ ಜನ ಬೋಕಿಯಿಂದಲೇ ನಮಗೆ ಪರಿಚಯವಾಗುತ್ತಾರೆ. ನನ್ನ ಮಟ್ಟಿಗೆ ಇಡೀ ಅಧ್ಯಯನದಲ್ಲಿ ಇದೇ ದೊಡ್ಡ ಗಳಿಕೆ.

ಹಳೆಯ ವೈಮಾನಿಕ ಚಿತ್ರಗಳು ಇನ್ನೊಂದು ಸಂಗತಿಯನ್ನು ತೋರಿಸಿವೆ. ಹೊಲಗಳ ಬದುಗಳೂ ಬಸಿಗಾಲುವೆಗಳೂ ರಸ್ತೆಯ ದಿಕ್ಕನ್ನೇ ಅನುಸರಿಸಿ ಹರಡಿದ್ದವು. ಎಂದರೆ ರಸ್ತೆ ಸೈನ್ಯ ಸಾಗುವ ದಾರಿಯಷ್ಟೇ ಆಗಿರಲಿಲ್ಲ. ಜೌಗನ್ನು ಬಸಿದು, ನೆಲವನ್ನು ಅಳೆದು ಹಂಚಿ, ಒಕ್ಕಲು ಕೂರಿಸುವ ಕೆಲಸಕ್ಕೂ ಅದೇ ಆಧಾರರೇಖೆ.

ತೆರಚೀನಾದಲ್ಲಿ ಬೆಟ್ಟ ಹತ್ತಿಳಿಯುವ ಕಷ್ಟ ತಪ್ಪಿಸಲು ಟ್ರಾಜನ್ ಚಕ್ರವರ್ತಿಯ ಕಾಲದಲ್ಲಿ ಕಡಲ ಬದಿಯ ಬಂಡೆಯನ್ನೇ ಕಡಿದರು. ಮೇಲಿನಿಂದ ಪ್ರತಿ 10 ಅಡಿಗೊಂದರಂತೆ 120 ಅಡಿಯವರೆಗೆ ಕೆತ್ತಿದ ಅಂಕಿಗಳು ಇಂದಿಗೂ ಅಲ್ಲಿವೆ.

ಬಂಡೆಯ ಅಂಕಿ ಗಟ್ಟಿ. ಹೊಲದ ಬೋಕಿ ಹಾಗಲ್ಲ. ಅದನ್ನು ಮೇಲಕ್ಕೆ ತರುವ ನೇಗಿಲೇ ಮತ್ತೆ ಮತ್ತೆ ಹಾಯ್ದು ಪುಡಿಮಾಡುತ್ತದೆ. ಆದ್ದರಿಂದ ಹೊಲ ನಡೆದು ನೋಡುವ ಕೆಲಸಕ್ಕೆ ಹಣ, ಜನ ಎರಡೂ ಮೊದಲು ಸಿಗಬೇಕು.

ನಮಸ್ಕಾರ.