ಎರಡಿಂಚು ನೀರು ಎಂದರೆ ಎಷ್ಟು ಲೀಟರ್?

(ದೃಶ್ಯ: ಶ್ರೀನಿವಾಸಪುರದ ಕಡೆಯ ಒಂದು ಮಾವಿನ ತೋಟ, ಕೊಳವೆಬಾವಿ ಕೊರೆಯುವ ಲಾರಿ ನಿಂತಿದೆ, ಕೆಸರು ನೀರು ಚಿಮ್ಮುತ್ತಿದೆ.)

ನಿರೂಪಣೆ: ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಕೊಳವೆಬಾವಿ ಕೊರೆಸಿದವರನ್ನು ಎಷ್ಟು ನೀರು ಸಿಕ್ಕಿತೆಂದು ಕೇಳಿದರೆ ‘ಎರಡಿಂಚು’, ‘ಮೂರಿಂಚು’ ಎಂಬ ಉತ್ತರ ಬರುತ್ತದೆ. ಅದೇ ನೀರನ್ನು ರಿಗ್‌ನವರು ಗಂಟೆಗೆ ಇಷ್ಟು ಗ್ಯಾಲನ್ ಎನ್ನುತ್ತಾರೆ. ಪಂಪು ಮಾರುವವರು ಮತ್ತು ಡ್ರಿಪ್ ಹಾಕುವವರು ಲೀಟರಿನಲ್ಲಿ ಲೆಕ್ಕ ಕೊಡುತ್ತಾರೆ. ಈ ಮೂರನ್ನೂ ಒಂದೇ ಲೆಕ್ಕಕ್ಕೆ ತರುವ ಬಗೆಯನ್ನು ಈ ವಿಡಿಯೋದಲ್ಲಿ ನೋಡೋಣ.

ಮೊದಲು ಇಂಚಿನ ವಿಷಯ. ಇಂಚು ಉದ್ದದ ಅಳತೆಯೇ ಹೊರತು ನೀರಿನ ಪ್ರಮಾಣದ ಅಳತೆಯಲ್ಲ. ಬಾವಿಯಿಂದ ಬಂದ ನೀರನ್ನು ತಡೆದು, ತಗಡಿನಲ್ಲಿ ‘ವಿ’ ಆಕಾರಕ್ಕೆ ಕತ್ತರಿಸಿದ ಕಚ್ಚಿನ ಮೂಲಕ ಹರಿಯಬಿಟ್ಟು, ಕಚ್ಚಿನ ಕೆಳತುದಿಯಿಂದ ನೀರಿನ ಮಟ್ಟ ಎಷ್ಟು ಎತ್ತರಕ್ಕೆ ನಿಂತಿದೆ ಎಂದು ನೋಡುತ್ತಾರೆ. ವಿ-ನಾಚ್ ಎಂದು ಕರೆಯುವ ಈ ಸಾಧನ ತೋರಿಸುವ ಎತ್ತರವೇ ಆ ಇಂಚು. ನೀರು ಏರಿದಂತೆ ಕಚ್ಚಿನ ಅಗಲವೂ ಹಿಗ್ಗುತ್ತದೆ, ಹರಿವಿನ ವೇಗವೂ ಹೆಚ್ಚುತ್ತದೆ. ಆದ್ದರಿಂದ ಎತ್ತರ ಎರಡು ಪಟ್ಟಾದರೆ ನೀರು ಎರಡು ಪಟ್ಟಾಗುವುದಿಲ್ಲ, ಸುಮಾರು ಐದೂವರೆ ಪಟ್ಟಿಗೂ ಹೆಚ್ಚಾಗುತ್ತದೆ.

(ಪರದೆಯ ಮೇಲೆ: 90 ಡಿಗ್ರಿ ಕೋನದ ಕಚ್ಚು. 1 ಇಂಚು – ಗಂಟೆಗೆ ಸುಮಾರು 510 ಲೀಟರ್. 2 ಇಂಚು – 2,900. 3 ಇಂಚು – 8,000. 4 ಇಂಚು – 16,300.)

ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವಾಗ ಒಬ್ಬರಿಗೆ ನಾಲ್ಕಿಂಚಿನ ಒಂದು ಬಾವಿ, ಇನ್ನೊಬ್ಬರಿಗೆ ಎರಡೆರಡು ಇಂಚಿನ ಎರಡು ಬಾವಿಗಳು ಬಂದರೆ ಲೆಕ್ಕ ಸರಿಹೋಯಿತೆಂದು ಪಂಚಾಯಿತಿಯವರಿಗೆ ಅನ್ನಿಸಬಹುದು. ಆದರೆ ಎರಡನೆಯವರಿಗೆ ಸಿಕ್ಕಿದ್ದು ಮೊದಲನೆಯವರ ನೀರಿನ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೇ. ಕೆಲವರು ಪೈಪಿನ ಬಾಯಿಯ ಅಗಲವನ್ನೇ ಇಂಚಿನಲ್ಲಿ ಹೇಳಿಬಿಡುತ್ತಾರೆ. ಅದರಿಂದ ನೀರಿನ ಪ್ರಮಾಣ ತಿಳಿಯುವುದೇ ಇಲ್ಲ.

ಗ್ಯಾಲನ್‌ನ ತೊಡಕು ಬೇರೆ ಬಗೆಯದು, ಏಕೆಂದರೆ ಈ ಹೆಸರಿನ ಅಳತೆಗಳು ಎರಡಿವೆ. ಬ್ರಿಟನ್ನಿನಲ್ಲಿ ವೈನ್ ಅಳೆಯಲು ಬಳಕೆಯಲ್ಲಿದ್ದ 231 ಘನ ಇಂಚಿನ ಗ್ಯಾಲನ್ನನ್ನು ಅಮೆರಿಕದವರು ಉಳಿಸಿಕೊಂಡರು. ಬ್ರಿಟಿಷರು ಮಾತ್ರ 1824ರ ಕಾಯ್ದೆಯಲ್ಲಿ ಹಳೆಯ ಗ್ಯಾಲನ್‌ಗಳನ್ನು ಬಿಟ್ಟು, 62 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಹತ್ತು ಪೌಂಡು ತೂಗುವ ನೀರಿನ ಗಾತ್ರವನ್ನು ಹೊಸ ಇಂಪೀರಿಯಲ್ ಗ್ಯಾಲನ್ ಎಂದು ಗೊತ್ತುಮಾಡಿದರು. ಇಂದಿನ ಲೆಕ್ಕದಲ್ಲಿ ಇಂಪೀರಿಯಲ್ ಗ್ಯಾಲನ್ 4.546 ಲೀಟರ್, ಅಮೆರಿಕದ ಗ್ಯಾಲನ್ 3.785 ಲೀಟರ್. ನಮ್ಮ ರಿಗ್‌ನವರ ಬಾಯಲ್ಲಿ ಉಳಿದಿರುವುದು ಮೊದಲನೆಯದು. ಭಾರತ 1956ರ ಕಾಯ್ದೆಯಿಂದ ಮೆಟ್ರಿಕ್ ಪದ್ಧತಿಗೆ ಬಂದರೂ ನೆಲದಡಿಯ ನೀರಿನ ಮಾತಿನಲ್ಲಿ ಹಳೆಯ ಅಳತೆ ಹಾಗೆಯೇ ನಿಂತಿದೆ.

ಬಾಯಿಲೆಕ್ಕಕ್ಕೆ ಒಂದು ಸುಲಭ ಕ್ರಮವಿದೆ. ಗ್ಯಾಲನ್ ಸಂಖ್ಯೆಯನ್ನು ಒಂಬತ್ತರಿಂದ ಗುಣಿಸಿ, ಅರ್ಧ ಮಾಡಿ, ನೂರಕ್ಕೆ ಒಂದರಂತೆ ಸೇರಿಸಬೇಕು. 1,760 ಗ್ಯಾಲನ್‌ಗೆ ಮೊದಲು 15,840, ಅರ್ಧ ಮಾಡಿದರೆ 7,920, ಅದಕ್ಕೆ 79 ಸೇರಿಸಿದರೆ 7,999. ಅಂದರೆ 8,000 ಲೀಟರ್. ಹಿಂದಕ್ಕೆ ಬರಲು ಲೀಟರನ್ನು 0.22ರಿಂದ ಗುಣಿಸಿದರೆ ಸಾಕು.

(ದೃಶ್ಯ: ಪಂಪಿನ ಪೈಪಿನ ಕೆಳಗೆ ಇಟ್ಟ ಡ್ರಮ್ಮು, ಪಕ್ಕದಲ್ಲಿ ಮೊಬೈಲಿನ ಸ್ಟಾಪ್‌ವಾಚ್.)

ನಿರೂಪಣೆ: ಯಾರ ಮಾತನ್ನೂ ನಂಬದೆ ನೀವೇ ಅಳೆಯಬಹುದು. 200 ಲೀಟರಿನ ಡ್ರಮ್ಮಿಗೆ ನೀರು ಬಿಟ್ಟು, ತುಂಬಲು ಹಿಡಿದ ಸೆಕೆಂಡುಗಳಿಂದ 7,20,000ವನ್ನು ಭಾಗಿಸಿದರೆ ಗಂಟೆಯ ಲೀಟರ್ ಸಿಗುತ್ತದೆ; 90 ಸೆಕೆಂಡಿನಲ್ಲಿ ತುಂಬಿದರೆ 8,000 ಲೀಟರ್. ಕೊರೆದ ದಿನ ಕಂಪ್ರೆಸರ್ ಗಾಳಿಗೆ ಚಿಮ್ಮಿದ ನೀರಿಗಿಂತ, ಪಂಪು ಕೆಲವು ಗಂಟೆ ಓಡಿದ ಮೇಲೆ ಹೀಗೆ ಅಳೆದ ನೀರೇ ನಂಬಿಕೆಗೆ ಅರ್ಹ. ಗಂಟೆಗೆ ನಾಲ್ಕು ಲೀಟರ್ ಬಿಡುವ ಡ್ರಿಪ್ಪರ್‌ಗಳಾದರೆ 8,000 ಲೀಟರಿಗೆ ಒಮ್ಮೆಲೇ 2,000 ಡ್ರಿಪ್ಪರ್ ನಡೆಸಬಹುದು. ಮೊಬೈಲಿನಲ್ಲಿ ಪರಿವರ್ತನೆ ಮಾಡುವಾಗ ಅಮೆರಿಕದ ಗ್ಯಾಲನ್ ಆಯ್ಕೆಯಾಗಿದ್ದರೆ ಅದೇ 1,760 ಗ್ಯಾಲನ್ ಸುಮಾರು 6,660 ಲೀಟರ್ ಎಂದು ತೋರಿಸುತ್ತದೆ, ಮುನ್ನೂರಕ್ಕೂ ಹೆಚ್ಚು ಡ್ರಿಪ್ಪರ್‌ಗಳು ಲೆಕ್ಕದಿಂದ ಬಿಟ್ಟುಹೋಗುತ್ತವೆ.

ಸುದ್ದಿಯಲ್ಲಿ ಬರುವ ದೊಡ್ಡ ಅಳತೆಗಳೂ ಇದೇ ಜಾತಿಯವು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಸುಮಾರು 2,832 ಕೋಟಿ ಲೀಟರ್. ಕೋಲಾರದ ಕೆರೆಗಳಿಗೆ ನೀರು ತರುವ ಕೆ.ಸಿ. ವ್ಯಾಲಿ ಯೋಜನೆಯ ಉದ್ದೇಶಿತ ಪ್ರಮಾಣ ದಿನಕ್ಕೆ 44 ಕೋಟಿ ಲೀಟರ್. ಅದು ಪೂರ್ತಿ ಹರಿದರೂ ಒಂದು ಟಿಎಂಸಿ ಆಗಲು 64 ದಿನಕ್ಕಿಂತ ಹೆಚ್ಚು ಬೇಕು.

(ದೃಶ್ಯ: ಟೊಮೆಟೊ ತೋಟ, ಬೆನ್ನಿಗೆ ಕಟ್ಟಿಕೊಳ್ಳುವ ಸಿಂಪಡಣೆ ಕ್ಯಾನು.)

ನಿರೂಪಣೆ: ಇದಕ್ಕಿಂತ ಹೆಚ್ಚು ಎಚ್ಚರ ಬೇಕಾದುದು ಔಷಧಿಯ ಅಳತೆಯಲ್ಲಿ. ಅಮೆರಿಕದ ವಿಡಿಯೋಗಳಲ್ಲಿ ‘ಗ್ಯಾಲನ್‌ಗೆ ಒಂದು ಔನ್ಸ್’ ಎಂದರೆ ಅಲ್ಲಿನ ಗ್ಯಾಲನ್‌ನ 128ನೆಯ ಒಂದು ಭಾಗ. ಇಂಪೀರಿಯಲ್ ಲೆಕ್ಕದಲ್ಲಿ ಅದು 160ನೆಯ ಒಂದು ಭಾಗ. 16 ಲೀಟರಿನ ಕ್ಯಾನಿಗೆ ಮೊದಲನೆಯ ಲೆಕ್ಕದಲ್ಲಿ 125 ಮಿಲಿಲೀಟರ್, ಎರಡನೆಯದರಲ್ಲಿ 100 ಮಿಲಿಲೀಟರ್ ಆಗುತ್ತದೆ. ಅಲ್ಲಿಯ ಪುಡಿ ಔಷಧಿಗೆ ಹೇಳುವ ಔನ್ಸ್ ತೂಕದ ಅಳತೆ. ಅದನ್ನು ಮಿಲಿಲೀಟರಿಗೆ ತಿರುಗಿಸುವಂತೆಯೇ ಇಲ್ಲ. ನಮ್ಮಲ್ಲಿ ಮಾರುವ ಡಬ್ಬಿಯ ಲೇಬಲ್ ಮಿಲಿಲೀಟರ್ ಅಥವಾ ಗ್ರಾಮಿನಲ್ಲೇ ಇರುತ್ತದೆ, ಪಾಲಿಸಬೇಕಾದುದು ಅದನ್ನೇ. ಅಳೆಯುವ ಲೋಟವನ್ನು ಕೈಯಲ್ಲಿ ಹಿಡಿಯದೆ ಸಮತಟ್ಟಾದ ಕಡೆ ಇಟ್ಟು, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು, ಅಂಚಿನಲ್ಲಿ ಮೇಲಕ್ಕೆ ಬಾಗಿದ ದ್ರವದ ನಡುವಿನ ತಗ್ಗು ಯಾವ ಗೆರೆಗೆ ಬಂದಿದೆ ಎಂದು ಓದಬೇಕು.