ಕ್ರೈಸ್ಟ್‌ಚರ್ಚ್‌ನಿಂದ ಕ್ವೀನ್ಸ್‌ಟೌನ್‌ಗೆ: ನಡುವೆ ಒಂದು ರಾತ್ರಿ ತಂಗಿ

ಕ್ರೈಸ್ಟ್‌ಚರ್ಚ್‌ನಿಂದ ಕ್ವೀನ್ಸ್‌ಟೌನ್‌ಗೆ ಸುಮಾರು 480 ಕಿಲೋಮೀಟರ್. ಮೊಬೈಲ್ ನಕ್ಷೆ ಆರು ತಾಸು ಎನ್ನುತ್ತದೆ. ನ್ಯೂಜಿಲೆಂಡ್‌ನ ದಕ್ಷಿಣ ದ್ವೀಪಕ್ಕೆ ಬರುವ ಎಷ್ಟೋ ಜನ ಆ ಲೆಕ್ಕ ನಂಬಿ, ಬೆಳಿಗ್ಗೆ ಹೊರಟು ಸಂಜೆಯೊಳಗೆ ತಲುಪಿಬಿಡಲು ನೋಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಈ ದಾರಿಯ ಸೊಗಸೆಲ್ಲ ಇರುವುದೇ ನಡುವಿನಲ್ಲಿ.

ಮೊದಲಿಗೆ ಸಿಗುವುದು ಕ್ಯಾಂಟರ್‌ಬರಿಯ ಬಯಲು. ನೇರ ರಸ್ತೆ, ಎರಡೂ ಬದಿ ದನ, ಕುರಿಗಳ ಹುಲ್ಲುಗಾವಲು. ಇಲ್ಲಿ ತಡಮಾಡುವ ಅಗತ್ಯವಿಲ್ಲ. ಜೆರಾಲ್ಡೀನ್, ಫೇರ್ಲಿ ಊರುಗಳನ್ನು ದಾಟಿ ಬರ್ಕ್ಸ್ ಪಾಸ್ ಎಂಬ ಘಾಟಿ ಏರಿದಿರೋ, ಹಸಿರು ಹಿಂದೆ ಉಳಿದು ಒಣಹುಲ್ಲಿನ ಹೊಂಬಣ್ಣದ ಬೆಟ್ಟಗಳು ಎದುರಾಗುತ್ತವೆ.

ಮುಂದೆ ಸಿಗುವುದು ಟೆಕಪೊ ಸರೋವರ. ಫೋಟೋಗಳಲ್ಲಿ ಕಾಣುವ ಇದರ ನೀಲಿ ಎಡಿಟಿಂಗ್‌ನಲ್ಲಿ ಬಂದದ್ದಲ್ಲ. ಹಿಮನದಿಗಳು ಬಂಡೆಗಳನ್ನು ಉಜ್ಜಿ ಉಜ್ಜಿ ಹಿಟ್ಟಿನಷ್ಟು ನುಣ್ಣಗಾಗಿಸುತ್ತವೆ. ಆ ಪುಡಿ ಬೇಗನೆ ತಳಕ್ಕಿಳಿಯದೆ ನೀರಿನಲ್ಲೇ ತೇಲುತ್ತ ಬೆಳಕನ್ನು ಚದುರಿಸುತ್ತದೆ. ದಡದಲ್ಲಿರುವ ಪುಟ್ಟ ಕಲ್ಲಿನ ಚರ್ಚು 1935ರದು. ಇಲ್ಲೇ ರಾತ್ರಿ ತಂಗಿ ಎನ್ನುವುದು ಆಕಾಶಕ್ಕಾಗಿ. ಈ ಮೆಕೆಂಜಿ ಸೀಮೆಗೆ 2012ರಲ್ಲಿ ಅಂತರರಾಷ್ಟ್ರೀಯ ಕತ್ತಲಾಕಾಶ ಮೀಸಲು ಪ್ರದೇಶವೆಂಬ ಮಾನ್ಯತೆ ದೊರೆಯಿತು. ಹೊರಗಿನ ದೀಪಗಳಿಗೂ ಇಲ್ಲಿ ಕಟ್ಟುಪಾಡುಗಳಿವೆ. ಹುಣ್ಣಿಮೆಯ ಹೊತ್ತಿಗೆ ಬಂದರೆ ಆಕಾಶಗಂಗೆ ಮಸುಕಾಗುತ್ತದೆ. ಹಾಗಾಗಿ ಪಂಚಾಂಗ ತೆರೆದು, ಅಮಾವಾಸ್ಯೆಯ ಆಸುಪಾಸಿಗೆ ಕೋಣೆ ಕಾದಿರಿಸಿ.

ಮರುದಿನ ಮೋಡವಿಲ್ಲದಿದ್ದರೆ ಪುಕಾಕಿ ಸರೋವರದ ಬಳಿ ಬಲಕ್ಕೆ ತಿರುಗಲೇಬೇಕು. ದಂಡೆಗುಂಟ ಸುಮಾರು 55 ಕಿಲೋಮೀಟರ್ ಹೋದರೆ 3,724 ಮೀಟರ್ ಎತ್ತರದ ಅವೊರಾಕಿ, ಅಂದರೆ ಮೌಂಟ್ ಕುಕ್‌ನ ಬುಡ. ಬಂದ ದಾರಿಯಲ್ಲೇ ಮರಳಬೇಕು. ಆದರೂ ಈ ಅರ್ಧ ದಿನವನ್ನು ಉಳಿಸಲು ಹೋಗಬೇಡಿ.

ಚಾಲನೆ ನಮ್ಮಲ್ಲಿಯಂತೆಯೇ ಎಡಬದಿಯಲ್ಲಿ. ಹೊಸಬರು ತಡವರಿಸುವುದು ಒಂದೇ ಲೇನಿನ ಸೇತುವೆಗಳಲ್ಲಿ. ಫಲಕವನ್ನು ಗಮನವಿಟ್ಟು ನೋಡಿ: ನಿಮ್ಮ ದಿಕ್ಕಿನ ಬಾಣ ಚಿಕ್ಕದಾಗಿ ಕೆಂಪಾಗಿದ್ದರೆ ನಿಂತು ಎದುರಿನವರಿಗೆ ದಾರಿ ಬಿಡಬೇಕು. ಹಿಂದೆ ವಾಹನಗಳು ಸಾಲುಗಟ್ಟಿದರೆ ಸುರಕ್ಷಿತ ಜಾಗ ನೋಡಿ ಪಕ್ಕಕ್ಕೆ ಸರಿದುಬಿಡಿ. ಫೋಟೋಗಾಗಿ ರಸ್ತೆಯ ಮೇಲೆಯೇ ಕಾರು ನಿಲ್ಲಿಸುವವರನ್ನು ಕಂಡರೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಹಿಂದೆ ಬರುವ ಲಾರಿ ತೊಂಬತ್ತರ ವೇಗದಲ್ಲಿರುತ್ತದೆ.

ಒಮರಾಮಾದಲ್ಲಿ ಇಂಧನ ತುಂಬಿಸಿಕೊಳ್ಳಿ. ಮುಂದೆ 971 ಮೀಟರ್ ಎತ್ತರದ ಲಿಂಡಿಸ್ ಪಾಸ್ ಏರಿ ಇಳಿಯುವವರೆಗೆ ಊರೆನ್ನುವಂಥದ್ದು ಇಲ್ಲ, ಮೊಬೈಲ್ ಸಿಗ್ನಲ್ಲನ್ನೂ ನೆಚ್ಚುವಂತಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಚಳಿಗಾಲ. ಹಿಮ ಬಿದ್ದರೆ ಪಾಸ್ ಮುಚ್ಚುವುದುಂಟು. ಬಾಡಿಗೆ ಕಾರಿನ ಜೊತೆ ಚಕ್ರಕ್ಕೆ ಕಟ್ಟುವ ಸರಪಳಿಯನ್ನೂ ಕೇಳಿ ಪಡೆಯಿರಿ, ಹೊರಡುವ ಮುನ್ನ ರಸ್ತೆಯ ಸ್ಥಿತಿಯನ್ನು ಪರಿಶೀಲಿಸಿ.

ಬೇಸಿಗೆಯಾದರೆ ಕ್ರಾಮ್‌ವೆಲ್‌ನಲ್ಲಿ ಚೆರ್ರಿ, ಏಪ್ರಿಕಾಟ್ ಮಾರುವ ಅಂಗಡಿಗಳಿರುತ್ತವೆ. ಒಂದು ಚೀಲ ಕೊಳ್ಳಿ. ಅಲ್ಲಿಂದ ಕವಾರೌ ಕಮರಿಯ ತಿರುವುಗಳು. 1988ರಲ್ಲಿ ವಾಣಿಜ್ಯ ಬಂಜಿ ಜಿಗಿತ (ಕಾಲಿಗೆ ರಬ್ಬರ್ ಹಗ್ಗ ಕಟ್ಟಿಕೊಂಡು ಎತ್ತರದಿಂದ ಹಾರುವುದು) ಶುರುವಾದ ಹಳೆಯ ಸೇತುವೆ ಇದೇ ದಾರಿಯಲ್ಲಿದೆ. ಹಾರದಿದ್ದರೂ ನಿಂತು ನೋಡಬಹುದು. ಕ್ವೀನ್ಸ್‌ಟೌನ್ ಸೇರಿದ ಮೇಲೆ ಕಾರನ್ನು ತಂಗಿದ ಜಾಗದಲ್ಲೇ ಬಿಟ್ಟುಬಿಡಿ. ಊರೊಳಗೆ ಪಾರ್ಕಿಂಗ್ ಹುಡುಕುವುದಕ್ಕಿಂತ ಸರೋವರದ ದಂಡೆಯಲ್ಲಿ ನಡೆದೇ ಹೋಗುವುದು ಸಲೀಸು.