ಒಳಬಟ್ಟೆಗೆ ಬಿಸಿ ತಾಗಿಸಿ, ಬಾಟಲಿ ಕೊಳ್ಳೋದು ನಿಲ್ಲಿಸಿ

ನಮಸ್ಕಾರ. ಇವತ್ತು ಪೀಠಿಕೆ ಇಲ್ಲ. ಹೋದ ಸಂಚಿಕೆಗೆ ಬಂದ ಒಂದು ಕಾಮೆಂಟ್ ಓದಿ ಹೊಟ್ಟೆ ಉರೀತಿದೆ. ದಿನಾ ಒಳಬಟ್ಟೆನ ಆಂಟಿಸೆಪ್ಟಿಕ್ ಹಾಕಿ ಒಗೀತಾರಂತೆ. ಯಾರ ಕಣ್ಣಿಗೂ ಬೀಳಬಾರದು ಅಂತ ಟವೆಲ್ ಕೆಳಗೆ ಒಣಗಿಸ್ತಾರಂತೆ. ಆದ್ರೂ ತೊಡೆಸಂದಿ ತುರಿಕೆ ಎರಡು ತಿಂಗಳಿಗೊಮ್ಮೆ ವಾಪಸ್ ಬರ್ತಿದೆಯಂತೆ. ಇನ್ನೂ ಸ್ಟ್ರಾಂಗ್ ಲಿಕ್ವಿಡ್ ಯಾವುದು ಹೇಳಿ ಅಂತ ಪ್ರಶ್ನೆ.

ಯಾವುದೂ ಬೇಡ. ಒಳಬಟ್ಟೆಗೆ ಬಿಸಿ ತಾಗಬೇಕು. ಬಿಸಿನೀರಿನ ಬಿಸಿ, ಬಿಸಿಲಿನ ಬಿಸಿ, ಇಸ್ತ್ರಿಪೆಟ್ಟಿಗೆ ಬಿಸಿ. ಇವತ್ತು ನಾನು ಹೇಳೋದು ಇದೊಂದೇ.

ಯಾಕೆ ಅಂತ ಕೇಳಿ. ತೊಡೆಸಂದಿಲಿ ಅಂಚು ಕೆಂಪಾಗಿ, ಉಂಗುರದ ಹಾಗೆ ಹರಡ್ತಾ ಹೋಗೋ ಹುಳುಕಡ್ಡಿ ಇದೆಯಲ್ಲ, ಗಜಕರ್ಣ ಅಂತೀವಲ್ಲ, ಅದು ಹುಳ ಅಲ್ಲ, ಫಂಗಸ್. ಕೆರೆದಾಗ ಉದುರೋ ಚರ್ಮದ ಹೊಟ್ಟಿನಲ್ಲಿ ಅದರ ಬೀಜಕಣ ಇರುತ್ತೆ. ಆ ಹೊಟ್ಟು ಚಡ್ಡಿಯ ಹೊಲಿಗೆ ಸಂದಿಲಿ, ಎಲಾಸ್ಟಿಕ್ ಮಡಿಕೇಲಿ ಸೇರಿಕೊಳ್ಳುತ್ತೆ, ಬೀಜಕಣ ಅಲ್ಲೇ ತಿಂಗಳುಗಟ್ಟಲೆ ಬದುಕಬಲ್ಲದು. ತಣ್ಣೀರಲ್ಲಿ ಒಗೆದ್ರೆ ಕೊಳೆ ಹೋಗುತ್ತೆ, ವಾಸನೆ ಹೋಗುತ್ತೆ, ಅದು ಹೋಗಲ್ಲ. ನೀವು ಮುಲಾಮು ಹಚ್ಚಿ ವಾಸಿ ಮಾಡ್ಕೊಂಡು, ಮತ್ತೆ ಅದೇ ಚಡ್ಡಿ ಹಾಕ್ಕೊಂಡು ರೋಗಾನ ಮನೆಗೆ ಕರೀತಿದ್ದೀರಿ. 60 ಡಿಗ್ರಿ ನೀರಲ್ಲಿ ಈ ಫಂಗಸ್ ಸಾಯುತ್ತೆ, ಹೆಂಗಸರಿಗೆ ಬಿಳಿ ಮುಟ್ಟು, ತುರಿಕೆ ತರೋ ಯೀಸ್ಟ್ ಕೂಡ ಸಾಯುತ್ತೆ. 30ರಲ್ಲಿ ಆ ಭರವಸೆ ಇಲ್ಲ.

ಈಗ ಮಾಡೋದು ಹೇಗೆ, ಬರ್ಕೊಳ್ಳಿ. ಮೊದಲು ಒಳಬಟ್ಟೆನ ಬೇರೆ ಮಾಡಿ. ಮುಟ್ಟಿನ ಕಲೆ ಇದ್ರೆ ತಣ್ಣೀರಲ್ಲೇ ತೊಳೀರಿ, ಬಿಸಿನೀರು ಬಿದ್ರೆ ರಕ್ತದ ಕಲೆ ಗಟ್ಟಿಯಾಗಿ ಕೂತ್ಕೊಳ್ಳುತ್ತೆ. ನಾಲ್ಕೈದು ಬಟ್ಟೆಗೆ ಒಂದು ಟೀ ಚಮಚ ಸೋಪಿನ ಪುಡಿ ಸಾಕು. ಒಳಮಗ್ಗುಲು ಹೊರಗೆ ಮಾಡಿ, ಮಧ್ಯದ ಎರಡು ಪದರದ ತುಂಡನ್ನ ಕೈಯಲ್ಲೇ ಉಜ್ಜಿ, ಜಾಲಿಸಿ. ಆಮೇಲೆ ಸ್ಟೀಲ್ ಪಾತ್ರೆಗೆ 2 ಲೀಟರ್ ತಣ್ಣೀರು, ಅದರ ಮೇಲೆ ಕುದಿಯೋ ನೀರು 4 ಲೀಟರ್. ಲೆಕ್ಕ ಹಾಕಿದ್ರೆ ಹತ್ತಿರ ಹತ್ತಿರ 75 ಡಿಗ್ರಿ. ಪಾತ್ರೆ, ಬಟ್ಟೆ ಒಂದಿಷ್ಟು ಬಿಸಿ ಎಳ್ಕೊಂಡ ಮೇಲೂ 60ರ ಮೇಲಿರುತ್ತೆ. ಬಟ್ಟೆ ಮುಳುಗಿಸಿ, ತಟ್ಟೆ ಮುಚ್ಚಿ, 15 ನಿಮಿಷ ಬಿಡಿ. ಕೈ ಹಾಕಿ ನೋಡಬೇಡಿ, ಈ ನೀರು ಕ್ಷಣದಲ್ಲಿ ಬೊಬ್ಬೆ ಎಬ್ಬಿಸುತ್ತೆ. ಕೋಲಿನಲ್ಲಿ ತಿರುವಿ, ಮಕ್ಕಳನ್ನ ದೂರ ಇಡಿ. ತಣ್ಣೀರು ಬೆರೆಸದೆ ಬಟ್ಟೆ ಮೇಲೆ ಕುದಿಯೋ ನೀರನ್ನೇ ಸುರಿಯೋದು ಬೇಡ, ಎಲಾಸ್ಟಿಕ್ ಹಾಳಾಗುತ್ತೆ.

ಗ್ಯಾಸ್ ಖರ್ಚು ಅಂತೀರಾ? ಮಲೆನಾಡಿನ ಬಚ್ಚಲಲ್ಲಿ ಹಂಡೆ ಉರೀತಾ ಇರುತ್ತೆ, ಎಲ್ಲರ ಸ್ನಾನ ಆದ ಮೇಲೂ ತಳದಲ್ಲಿ ನೀರು ಕಾಯ್ತಾ ಇರುತ್ತೆ, ಅದನ್ನೇ ಕುದಿಗೆ ತಂದು ಬಳಸಿ. ಬೆಂಗಳೂರಿನ ತಾರಸಿ ಮೇಲೆ ಸೋಲಾರ್ ಇದೆಯಾ? ಒಳ್ಳೆ ಬಿಸಿಲಿದ್ದ ದಿನ ಮಧ್ಯಾಹ್ನದ ನೀರೇ ಅರ್ಧ ಕೆಲಸ ಮಾಡುತ್ತೆ. ಆಂಟಿಸೆಪ್ಟಿಕ್ ಬಾಟಲಿಗಿಂತ ಇದು ದುಬಾರಿನಾ?

ವಾಷಿಂಗ್ ಮಷೀನ್ ಇದೆ, ನಮಗ್ಯಾಕೆ ಇದೆಲ್ಲ ಅಂತ ಕೆಲವರು. ಹೀಟರ್ ಇಲ್ಲದ ಟಾಪ್ ಲೋಡ್ ಮಷೀನ್ ಕೊಳಾಯಿಯ ತಣ್ಣೀರಲ್ಲೇ ತಿರುಗುತ್ತೆ. ಅದಕ್ಕೆ ಮನೆಮಂದಿಯ ಚಡ್ಡಿ, ಟವೆಲ್, ಸಾಕ್ಸ್ ಎಲ್ಲ ಒಟ್ಟಿಗೆ ತುಂಬಿ, ಕ್ವಿಕ್ ವಾಷ್ ಒತ್ತಿದ್ರೆ ಒಬ್ಬರ ಹುಳುಕಡ್ಡಿನ ಮನೆಗೆಲ್ಲ ಹಂಚಿದ ಹಾಗೆ. ಫ್ರಂಟ್ ಲೋಡ್‌ನಲ್ಲಿ 60 ಡಿಗ್ರಿ ಕಾಟನ್ ಅಂತ ಇರುತ್ತೆ, ಅದನ್ನ ಒತ್ತಿ. ಬಿಸಿ ತಾಗಬೇಕು ಅಂದ್ನಲ್ಲ!

ವಿನೆಗರ್, ಸೋಡಾ ಪುಡಿ ಸಾಕು ಅನ್ನೋರಿಗೆ ಉತ್ತರ: ಸಾಲದು. ಆಂಟಿಸೆಪ್ಟಿಕ್ ಒಂದು ಮುಚ್ಚಳ ಅನ್ನೋರಿಗೆ: ಅದನ್ನ ಸರಿಯಾಗಿ ಜಾಲಿಸದೆ ಬಿಟ್ರೆ ಸೂಕ್ಷ್ಮ ಚರ್ಮ ಉರಿಯುತ್ತೆ, ಆ ಉರಿಯನ್ನೇ ಇನ್ಫೆಕ್ಷನ್ ಅಂದ್ಕೊಂಡು ಇನ್ನೂ ಎರಡು ಮುಚ್ಚಳ ಸುರೀತೀರಿ. ಸೋಪಿನದೂ ಅದೇ ಕತೆ. ಕೊನೇ ಸಲ ಜಾಲಿಸಿದ ನೀರನ್ನ ಒಂದು ಖಾಲಿ ಬಾಟಲಿಗೆ ಹಾಕಿ ಅಲ್ಲಾಡಿಸಿ. ಮೇಲೆ ನೊರೆ ನಿಂತ್ರೆ ಇನ್ನೊಂದ್ಸಲ ಜಾಲಿಸಿ. ಕಂಫರ್ಟ್ ಗಿಂಫರ್ಟ್ ಅಂತ ಘಮಘಮ ಹಾಕೋದು ಒಳಬಟ್ಟೆಗೆ ಬೇಡವೇ ಬೇಡ.

ಇನ್ನು ಒಣಗಿಸೋ ವಿಷಯ. ನನಗೆ ನಿಜವಾಗಿ ಸಿಟ್ಟು ಬರೋದು ಇಲ್ಲೇ. ಗಂಡಸರ ಬನಿಯನ್ ಬೀದಿಗೆ ಕಾಣೋ ಹಾಗೆ ಹಗ್ಗದ ಮೇಲೆ ಹಾರಾಡ್ತಿರುತ್ತೆ, ಹೆಣ್ಣುಮಕ್ಕಳ ಒಳಬಟ್ಟೆ ಮಾತ್ರ ಲಂಗದ ಕೆಳಗೆ, ಬಾಗಿಲ ಹಿಂದೆ, ಬಚ್ಚಲಿನ ನಲ್ಲಿ ಮೇಲೆ. ಬಿಸಿಲಿಲ್ಲ, ಗಾಳಿಯಿಲ್ಲ. ಮೇಲೆ ಒಣಗಿದ ಹಾಗೆ ಕಾಣುತ್ತೆ. ಆ ಮಧ್ಯದ ಎರಡು ಪದರಾನ ಕೆನ್ನೆಗೆ ಒತ್ತಿ ನೋಡಿ. ತಣ್ಣಗೆ ಅನಿಸಿದ್ರೆ ಒಳಗೆ ತೇವ ಇದೆ ಅಂತ. ಎಲಾಸ್ಟಿಕ್ ಬುಡಾನೂ ಕೊನೇಲಿ ಒಣಗೋದು, ಅಲ್ಲೂ ಒತ್ತಿ ನೋಡಿ. ತೇವ, ಸೆಕೆ, ಬಿಗಿ, ಫಂಗಸ್‌ಗೆ ಬೇಕಾಗಿರೋದೇ ಈ ಮೂರು.

ನೋಡಿದವರು ಏನಂತಾರೆ? ಏನಾದ್ರೂ ಅನ್ನಲಿ. ಅವರು ಬಂದು ರಾತ್ರಿ ನಿಮ್ಮ ಜೊತೆ ಕೆರ್ಕೊಳ್ತಾರಾ? ಒಳಮಗ್ಗುಲು ಹೊರಗೆ ಮಾಡಿ, ಕ್ಲಿಪ್ ಹಾಕಿ, ನೇರ ಬಿಸಿಲಲ್ಲಿ ಹಾಕಿ.

ಮಳೆಗಾಲ, ಕರಾವಳಿ, ಮೂರು ದಿನ ಸೂರ್ಯನೇ ಇಲ್ಲ ಅಂತೀರಿ, ಒಪ್ಪಿದೆ. ಒಣ ಟವೆಲ್‌ನಲ್ಲಿ ಸುತ್ತಿ ಹಿಂಡಿ, ಫ್ಯಾನ್ ಕೆಳಗೆ ಹಾಕಿ, ಆಮೇಲೆ ಇಸ್ತ್ರಿ. ಕಾಟನ್ ಆದ್ರೆ ಕಾಟನ್‌ಗೆ ಇಟ್ಟು, ಮಧ್ಯದ ತುಂಡಿನ ಮೇಲೆ ಎರಡೂ ಕಡೆ ನಿಧಾನಕ್ಕೆ ಒತ್ತಿ, ಎಲಾಸ್ಟಿಕ್ ಮೇಲೆ ಹೋಗಬೇಡಿ. ನೈಲಾನ್ ಆದ್ರೆ ಇಸ್ತ್ರಿ ಬೇಡ, ಕರಗುತ್ತೆ. ಹೊಸದು ಕೊಳ್ಳೋವಾಗ ಕಾಟನ್ನೇ ತಗೊಳ್ಳಿ.

ಉಡಿದಾರ ಮರೆತೆ! ವರ್ಷಗಟ್ಟಲೆ ಸೊಂಟದಲ್ಲಿ ಒದ್ದೆ ಆಗ್ತಾ ಇರೋ ಆ ದಾರದ ಕೆಳಗೆ ಹುಳುಕಡ್ಡಿ ಗೂಡು ಕಟ್ಟಿರುತ್ತೆ. ವಾಸಿ ಆಗೋವರೆಗೂ ಬಿಚ್ಚಿಡಿ. ಲಂಗದ ಲಾಡಿನೂ ಬಿಗಿಯಾಗಿ ಕಟ್ಟಬೇಡಿ. ಟವೆಲ್ ಒಬ್ಬರದು ಒಬ್ಬರಿಗೆ ಬೇಡ, ಅದಕ್ಕೂ ಬಿಸಿ ತಾಗಿಸಿ.

ಒಗೆಯೋದು ಔಷಧಿ ಅಲ್ಲ, ಇದನ್ನ ಸ್ಪಷ್ಟವಾಗಿ ಕೇಳಿಸ್ಕೊಳ್ಳಿ. ಡಾಕ್ಟರ್ ಕೊಟ್ಟ ಫಂಗಸ್ ಮುಲಾಮನ್ನ ಗಾಯದ ಅಂಚಿನಿಂದ 2 ಸೆಂಟಿಮೀಟರ್ ಹೊರಗಿನವರೆಗೂ ಹಚ್ಚಿ, ತುರಿಕೆ ನಿಂತ ಮಾತ್ರಕ್ಕೆ ನಿಲ್ಲಿಸಬೇಡಿ. ಮೆಡಿಕಲ್ ಶಾಪ್‌ನಲ್ಲಿ ಕೇಳಿ ತರೋ ಸ್ಟೀರಾಯ್ಡ್ ಬೆರೆಸಿದ ಟ್ಯೂಬ್ ಎರಡು ದಿನ ತಣ್ಣಗೆ ಅನಿಸಿ, ಆಮೇಲೆ ಹುಳುಕಡ್ಡಿ ಎರಡರಷ್ಟು ಹರಡುತ್ತೆ. 2018ರಲ್ಲೇ 14 ಸ್ಟೀರಾಯ್ಡ್ ಮುಲಾಮುಗಳನ್ನ ಸರ್ಕಾರ ಶೆಡ್ಯೂಲ್ ಎಚ್‌ಗೆ ಸೇರಿಸಿದೆ, ಚೀಟಿ ಇಲ್ಲದೆ ಮಾರೋ ಹಾಗಿಲ್ಲ. ಹೆಂಗಸರಿಗೆ ಮೊಸರು ಒಡೆದ ಹಾಗೆ ಬಿಳಿ ಮುಟ್ಟು ವರ್ಷಕ್ಕೆ ಮೂರು ಸಲಕ್ಕಿಂತ ಹೆಚ್ಚು ಬಂದ್ರೆ ಸಕ್ಕರೆ ಪರೀಕ್ಷೆ ಮಾಡಿಸಿ. ಮೀನಿನ ವಾಸನೆಯ ತೆಳು ಸ್ರಾವ ಆದ್ರೆ ಅದು ಬೇರೆ, ಬ್ಯಾಕ್ಟೀರಿಯಾದ್ದು, ಬಟ್ಟೆ ಒಗೆದ್ರೆ ಹೋಗಲ್ಲ. ಒಳಗೆ ಏನನ್ನೂ ಹಾಕಿ ತೊಳೀಬೇಡಿ, ಹೊರಗೆ ಬರೀ ನೀರು ಸಾಕು.

ಮುಂದಿನ ವಾರ ಮುಟ್ಟಿನ ಬಟ್ಟೆ ಒಗೆಯೋದರ ಬಗ್ಗೆ ಹೇಳ್ತೀನಿ, ಸಬ್‌ಸ್ಕ್ರೈಬ್ ಆಗಿರಿ. ಈ ವಿಡಿಯೋನ ಹಾಸ್ಟೆಲ್‌ನಲ್ಲಿರೋ ತಂಗಿಗೆ, ಪಿಜಿಯಲ್ಲಿರೋ ತಮ್ಮನಿಗೆ ಕಳಿಸಿ.

ಈಗ ಎದ್ದು ನಿಮ್ಮ ಮನೆ ಹಗ್ಗದ ಹತ್ರ ಹೋಗಿ. ಟವೆಲ್ ಎತ್ತಿ ನೋಡಿ, ಕೆಳಗೆ ಇದೆಯಾ? ತೆಗೆದು ಬಿಸಿಲಿಗೆ ಹಾಕಿ.